ವಳಸಂಗದಲ್ಲಿ ಬಂದ ಉತ್ತರ

ಗೆಳೆಯರೇ, ಇವತ್ತು ಅಂಗೈಯಗಲದ ಕಂಪ್ಯೂಟರೊಂದನ್ನು ಹಿಡಿದುಕೊಂಡು ಸೋಲಾಪುರದಿಂದ ಅಕ್ಕಲಕೋಟೆಗೆ ಬಸ್ಸಿನಲ್ಲಿ ಬಂದೆ. ನಮ್ಮ ಸಾಹೇಬರು ಮುಂಬೈಯಿಂದ ತರಿಸಿದ್ದು. "ಇದರ ಪ್ರೊಸೆಸರ್ ಎಷ್ಟು ಜೋರೈತಿ ನೋಡು. ಭಾಳ ನಿಧಾನ ಇದ್ರ ವಾಪಸ್ ಕಳಸೂಣು" ಎಂದಿದ್ದರು.

ಪರೀಕ್ಷೆಗೆಂದು ನಾನು ಆರಿಸಿದ್ದು ಲಕ್ಷದೊಳಗಿನ ಅವಿಭಾಜ್ಯ ಸಂಖ್ಯೆಗಳನ್ನು ಎಣಿಸುವ ಲೆಕ್ಕ. ಆಫೀಸಿನ ಮೇಜಿನ ಮೇಲಿನ ಕಂಪ್ಯೂಟರ್ ಅದನ್ನು ನಾನು ಚಹಾದ ಕಪ್ಪು ಎತ್ತುವಷ್ಟರಲ್ಲಿ ಮುಗಿಸಿತ್ತು. ಈ ಪುಟ್ಟದಕ್ಕೆ ಅದೇ ಲೆಕ್ಕವನ್ನು ಬಸ್ಸು ಕುಂಭಾರಿ ಊರು ದಾಟುವಾಗ ಕೊಟ್ಟೆ.

ಪಕ್ಕದಲ್ಲಿ ಕುಳಿತಿದ್ದ ತಡವಳ ಊರಿನ ಅಜ್ಜಿ ಬಗ್ಗಿ ನೋಡಿದರು. "ಏನ್ ಮಾಡಾಕತ್ತೈತೋ ತಮ್ಮಾ ಅದು?"

"ವಿಚಾರ ಮಾಡಾಕತ್ತೈತ್ರಿ, ಆಯಿ."

"ಹಂಗಾರ ಅದನ್ನ ಮಾತಾಡಸಬ್ಯಾಡ" ಎಂದು ಸೆರಗು ಹಿಡಿದು ಅದಕ್ಕೆ ನೆರಳು ಮಾಡಿದರು.

ನಾನು ಹೊರಗೆ ನೋಡುತ್ತ ಕುಳಿತೆ. ಕಿಟಕಿಯಾಚೆ ಜೋಳದ ಹೊಲಗಳು ತೇಲಿ ಹೋಗುತ್ತಿದ್ದವು. ಅದು ಯೋಚಿಸುತ್ತಿತ್ತು, ನಾನೂ ಏನೋ ಯೋಚಿಸುತ್ತಿದ್ದೆ, ಏನೆಂದು ಈಗ ನೆನಪಿಲ್ಲ. ವಳಸಂಗದಲ್ಲಿ ಬಸ್ಸು ನಿಂತಾಗ ಪರದೆಯ ಮೇಲೆ ಉತ್ತರವಿತ್ತು. ಸರಿಯಾದ ಉತ್ತರವೇ.

ಸಂಜೆ ಎಸ್‌ಟಿಡಿ ಬೂತಿನಿಂದ ಸಾಹೇಬರಿಗೆ ಫೋನ್ ಮಾಡಿದೆ. "ಎಷ್ಟೊತ್ತು ಹಿಡೀತು?" ಎಂದರು. ಗಡಿಯಾರ ನೋಡುವುದನ್ನೇ ಮರೆತಿದ್ದೆ.

"ಕುಂಭಾರಿಯಿಂದ ವಳಸಂಗದ ತನಕ ರೀ" ಎಂದೆ.

ನಾಳೆ ಮತ್ತೆ ಬಸ್ಸು ಹತ್ತಿ ಸರಿಯಾಗಿ ಅಳೆದು ಬಾ ಎಂದಿದ್ದಾರೆ. ಕಿಟಕಿ ಪಕ್ಕದ ಸೀಟು ಸಿಕ್ಕರೆ ನಾಳೆಯೂ ಮರೆಯುವವನಿದ್ದೇನೆ.