ಗಂಜಿ ಹಚ್ಚಿದ ವಿಮಾನ

ಇವತ್ತು ಬೆಳಿಗ್ಗೆ ನೇಕಾರರ ಓಣಿಯಲ್ಲಿ ನೂಲಿಗೆ ಗಂಜಿ ಹಚ್ಚುತ್ತಿದ್ದರು. ಓಣಿಯ ಉದ್ದಕ್ಕೂ ಎಳೆ ಹರವಿ, ಇಬ್ಬರು ಕುಂಚ ಹಿಡಿದು ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ಜೋಳದ ಗಂಜಿಯ ಹುಳಿವಾಸನೆ. ಇಳಕಲ್ಲಿನಲ್ಲಿ ಹುಟ್ಟಿದವನಿಗೆ ಅದು ಮೂಗಿಗೆ ತಾಗಿದ್ದೇ ಗೊತ್ತಾಗಬಾರದು. ನಾನು ಮಾತ್ರ ಧೋತರದ ಚುಂಗು ಮೂಗಿಗೆ ಹಿಡಿದು ಬೇರೆ ಓಣಿಗೆ ತಿರುಗಿದೆ. "ಮಾಸ್ತರಗ ಈಗ ನಮ್ಮ ವಾಸನಿ ಆಗಿಬರವಲ್ದು" ಎಂದು ಕಟ್ಟೆಯ ಮೇಲಿನ ಮುದುಕಿಯೊಬ್ಬಳು ನಕ್ಕಳು. ನಗಲಿ. ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನೀವು ನಾಳೆ ನನಗೆ ಎದುರಾಗುವವರಲ್ಲ.

ನಾನೂ ನೇಕಾರರ ಮನೆಯವನೇ. ಆದರೆ ಮಗ್ಗದಲ್ಲಿ ಕೂತರೆ ಎಳೆ ಕಡಿಯುವ ಕೈ ನನ್ನದು. "ಇಂವನ ಕೈಯಾಗ ಪಾಟಿ ಕೊಡ್ರಿ, ಲಾಳಿ ಬ್ಯಾಡ" ಎಂದು ಅಪ್ಪ ಬೇಸತ್ತು ಸಾಲೆಗೆ ಹಾಕಿದ. ಹೀಗೆ ಮಾಸ್ತರನಾದೆ. ಅಷ್ಟಿಷ್ಟು ಇಂಗ್ಲಿಷ್ ಕಲಿತೆ. ಅಷ್ಟು ಎಂದರೆ ಎಷ್ಟು ಎಂದು ಅಳೆದು ನೋಡುವವರು ಊರಲ್ಲಿ ಇರಲಿಲ್ಲವಾದ್ದರಿಂದ ದೊಡ್ಡ ಬಲ್ಲವನೆಂದು ಹೆಸರಾದೆ.

ಇದು ಏಳೆಂಟು ವರ್ಷದ ಹಿಂದಿನ ಸುದ್ದಿ. ಆಗ ವಿಮಾನವೆಂದರೆ ನಮಗೆ ಪುರಾಣದ ಮಾತು. ಸಾಲೆ ನೋಡಲು ಬಂದ ಬಿಳಿಯ ಸಾಹೇಬನೊಬ್ಬ ಒಂದು ಉದ್ದನೆಯ ಪೆಟ್ಟಿಗೆ ಇಳಿಸಿದ. ವಿಲಾಯತಿಯಿಂದ ತರಿಸಿದ ಮಾದರಿ ವಿಮಾನ, ಎಲ್ಲಾ ಬಿಡಿ ತುಂಡುಗಳಲ್ಲಿ: ಕಡ್ಡಿ, ಪಟ್ಟಿ, ತಂತಿ, ತೆಳು ಬಟ್ಟೆ, ಒಂದು ಡಬ್ಬಿ ವಾರ್ನಿಸು, ಮಡಿಚಿದ ಇಂಗ್ಲಿಷ್ ಕಾಗದ. ಒಂದರ ಮೇಲೊಂದು ಎರಡು ರೆಕ್ಕೆ. ತುದಿಯಿಂದ ತುದಿಗೆ ಐದು ಮೊಳ. ಬಾಗಲಕೋಟೆಯಲ್ಲಿ ತೆರೆಯಲಿದ್ದ ಕೈಗಾರಿಕೆಯ ಸಾಲೆಗೆ ಮರಗೆಲಸ ಕಲಿಸುವವನು ಬೇಕಾಗಿದ್ದ. ಇದನ್ನು ಚೆನ್ನಾಗಿ ಜೋಡಿಸಿ ತಂದ ಬಡಗಿಗೆ ಆ ಕೆಲಸ ಎಂದ ಸಾಹೇಬ. ಕಾಗದ ಓದಿ ಹೇಳುವ ಜವಾಬ್ದಾರಿ ನನ್ನ ಪಾಲಿಗೆ ಬಂತು.

ನಾನು ನೇರ ಬಡಗಿ ಮೌಲಾಸಾಬನ ಮನೆಗೆ ಹೋದೆ. ಇಳಕಲ್ಲಿನ ಮಗ್ಗಗಳಲ್ಲಿ ಅರ್ಧ ಅವನ ಅಪ್ಪ ಮಾಡಿದವು, ಉಳಿದರ್ಧ ಅವನು ಮಾಡಿದವು. ಅವನ ಇಬ್ಬರು ಗಂಡುಮಕ್ಕಳೂ ನನ್ನ ಸಾಲೆಯಲ್ಲೇ ಇದ್ದರು. ಸಣ್ಣವನು ಆಗಷ್ಟೇ ಅಕ್ಷರ ತಿದ್ದುತ್ತಿದ್ದ. ಸುದ್ದಿ ಕೇಳಿ ಮೌಲಾಸಾಬ ಉಳಿಯನ್ನು ಕೆಳಗಿಟ್ಟ.

"ಸೀರಿಗೆ ಊರ ಹೆಸರು ಬಂತ್ರಿ ಮಾಸ್ತರ. ಮಗ್ಗಾ ಮಾಡಿದಾಂವನ ಹೆಸರು ಯಾರ ಕೇಳ್ಯಾರ? ಈ ಕೆಲಸಾ ಸಿಕ್ರ ನಾಕ ಮಂದಿ ನನಗೂ ಮಾಸ್ತರ ಅಂತಾರ" ಎಂದ. ಹಾಗೆನ್ನುವಾಗ ನಲವತ್ತು ದಾಟಿದ ಆ ಮನುಷ್ಯ ನಾಚಿಕೊಂಡಿದ್ದ.

ಎರಡು ತಿಂಗಳು ಅವನ ಪಡಸಾಲೆಯಲ್ಲಿ ಕೂತೆವು. ನಾನು ಓದುವುದು, ಅವನು ಕೂಡಿಸುವುದು. ಖರೆ ಹೇಳಬೇಕೆಂದರೆ, ನಾನು ತಡವರಿಸಿ ಒಂದು ಸಾಲು ಮುಗಿಸುವುದರೊಳಗೆ ಅವನ ಕೈ ಮುಂದಿನ ಸಾಲಿನ ಕೆಲಸ ಮಾಡಿರುತ್ತಿತ್ತು. ಕಡ್ಡಿಯನ್ನು ಬಿಸಿನೀರಲ್ಲಿ ನೆನೆಸಿ ಬಗ್ಗಿಸುವನು, ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ ಕೇಳುವನು. ದಾರಿಯಲ್ಲಿ ಒಂದು ಪಟ್ಟಿ ಒಡೆದುಹೋಗಿತ್ತು. ಲಾಳಿಗೆಂದು ಇಟ್ಟಿದ್ದ ಕಟ್ಟಿಗೆಯಿಂದ ಅಂಥದೇ ಇನ್ನೊಂದು ಕೆತ್ತಿ ಕೂಡಿಸಿದ. ಯಾವುದು ವಿಲಾಯತಿ, ಯಾವುದು ಇಳಕಲ್ಲು ಎಂದು ನನಗೆ ಕಡೆಗೂ ತಿಳಿಯಲಿಲ್ಲ.

ಆಮೇಲೆ ಬಟ್ಟೆಯ ಸರದಿ ಬಂತು. ವಾರ್ನಿಸಿನ ಬಗ್ಗೆ ಕಾಗದದಲ್ಲಿ ಉದ್ದನೆಯ ವಾಕ್ಯವೊಂದಿತ್ತು. ನನಗೆ ಅದರ ತಲೆಬುಡ ತಿಳಿಯಲಿಲ್ಲ. ತಿಳಿಯಲಿಲ್ಲ ಎನ್ನಲು ಬಾಯಿ ಬರಲಿಲ್ಲ. "ಕಟ್ಟಿಗಿಗೆ ಹಚ್ಚು ಅಂತ ಬರದಾರ" ಎಂದೆ. ಹಚ್ಚಿದ. ಡಬ್ಬಿ ಬರಿದಾಯಿತು.

"ಅರಿವಿಗೆ ಏನ್ ಹಚ್ಚೂದ್ರಿ? ಹಿಂಗ ಬಿಟ್ರ ಸಡಲ ಆಗತೈತಿ."

"ಗಂಜಿ ಹಚ್ಚು."

"ಗಂಜಿ ಮಗ್ಗಕ್ಕ ಸರಿ. ಇದಕ್ಕ ಯಾಕೋ ಸರಿ ಅನಸವಲ್ದು ನೋಡ್ರಿ. ಸಾಹೇಬರಿಗೆ ಒಂದ್ ಕಾಗದಾ ಬರದು ಕೇಳ್ರಿ."

ಸಾಹೇಬನನ್ನು ಕೇಳುವುದೆಂದರೆ ನನ್ನ ಇಂಗ್ಲಿಷಿನ ಬಣ್ಣ ಬಯಲಾದಂತೆಯೇ. "ಅರಿವಿ ಸುದ್ದಿ ನನಗ ಹೇಳ್ತಿಯೇನು? ನಾ ನೇಕಾರನ ಮಗಾ!" ಎಂದು ಗದರಿಸಿದೆ. ಮಗ್ಗಕ್ಕೆ ಬೇಡವಾದವನ ಠೇಂಕಾರ ಅದು. "ಆತ ಬಿಡ್ರಿ" ಎಂದು ಅವನು ಜೋಳದ ಗಂಜಿ ಕಾಸಿದ. ಒಣಗಿದ ಮೇಲೆ ರೆಕ್ಕೆಗಳು ಹಲಗೆಯಂತೆ ಬಿಗಿದು ನಿಂತವು. ನಾನು ಮೂರು ದಿನ ಎದೆ ಸೆಟೆಸಿಕೊಂಡು ತಿರುಗಿದೆ.

ಚಕ್ಕಡಿಯಲ್ಲಿ ಜೋಳದ ದಂಟಿನ ಕಣಿಕೆ ಹಾಸಿ, ಅದರ ಮೇಲೆ ವಿಮಾನ ಇಟ್ಟು ಬಾಗಲಕೋಟೆಗೆ ಹೊರಟೆವು. ಹುನಗುಂದ ದಾಟಿ ಮಧ್ಯಾಹ್ನ ಒಂದು ಬೇವಿನ ಮರದ ನೆರಳಲ್ಲಿ ನಿಂತಾಗ, ಗಾಡಿಯವನು ಎತ್ತು ಬಿಚ್ಚಿ ಎಂದಿನಂತೆ ಚಕ್ಕಡಿಗೇ ಕಟ್ಟಿದ. ನೀರು ತರಲು ಹೊರಟ ಮೌಲಾಸಾಬ "ವಿಮಾನದ ಕಡೆ ಲಕ್ಷ್ಯ ಇರ್ಲಿ ಮಾಸ್ತರ" ಎಂದು ಹೇಳಿಯೇ ಹೋದ. ನಾನು ಚಕ್ಕಡಿಗೆ ಬೆನ್ನು ಮಾಡಿ ಕೂತು, ರೊಟ್ಟಿ ಮುರಿಯುತ್ತ, ವಿಮಾನ ಹೇಗೆ ಹಾರುತ್ತದೆಂದು ಗಾಡಿಯವನಿಗೆ ಪಾಠ ಮಾಡತೊಡಗಿದೆ. ಹಿಂದಿನಿಂದ ಪರಪರ ಸಪ್ಪಳ. ಕಣಿಕೆಗೆ ಬಾಯಿ ಹಾಕಿದ ಎತ್ತುಗಳಿಗೆ ಕಣಿಕೆಗಿಂತ ರುಚಿಯಾದದ್ದು ಸಿಕ್ಕಿತ್ತು. ಒಂದು ಗಂಜಿ ನೆಕ್ಕುತ್ತಿತ್ತು. ಇನ್ನೊಂದು ಕೆಳಗಿನ ರೆಕ್ಕೆಯ ಬಟ್ಟೆಯನ್ನು ಕಿತ್ತು ಅರ್ಧ ಒಳಗೆಳೆದುಕೊಂಡು ಕಣ್ಣು ಮುಚ್ಚಿ ಅಗಿಯುತ್ತಿತ್ತು.

ನಿಮಗೆ ನಗು ಬಂತೇ? ಕೊಡ ಹಿಡಿದು ಬಂದು ನಿಂತ ಮೌಲಾಸಾಬನ ಮುಖ ನೋಡಿದ್ದರೆ ಬರುತ್ತಿರಲಿಲ್ಲ. ಅವನು ಕೊಡ ಕೆಳಗಿಟ್ಟ. ತಲೆಯ ಮೇಲಿನ ಬಿಳಿ ರುಮಾಲು ಬಿಚ್ಚಿ, ಹರಿದು, ರೆಕ್ಕೆಗೆ ಎಳೆದು ಕಟ್ಟಿ ಹೊಲಿದ. ಮರುದಿನ ಬರಿದಲೆಯಲ್ಲೇ ಬಾಗಲಕೋಟೆಗೆ ಬಂದ.

ಸಾಹೇಬ ವಿಮಾನದ ಸುತ್ತ ಎರಡು ಸಲ ನಡೆದ. ಮರದ ಜೋಡಣೆಯ ಮೇಲೆ ಕೈಯಾಡಿಸಿ ತಲೆದೂಗಿದ. ರುಮಾಲಿನ ಬಟ್ಟೆ ಮುಟ್ಟಿ ನೋಡಿದ, ಮೇಲಿನ ರೆಕ್ಕೆಯ ಗಂಜಿ ಕೆರೆದು ಮೂಸಿದ, ಕೆಂಪಗಾದ. ವಾರ್ನಿಸು ಬಟ್ಟೆಗೆ ಎಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆದಿದೆಯಲ್ಲ, ಗಂಜಿ ಬಳಿದ ಮೂರ್ಖ ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದ.

ಈ ಬಡಗಿ, ನಾನು ಬೇಡವೆಂದರೂ ಕೇಳಲಿಲ್ಲ ಎಂದು ನಾನು ಇಂಗ್ಲಿಷಿನಲ್ಲೇ ಹೇಳಿದೆ. ಜನ್ಮದಲ್ಲಿ ಒಂದು ತಪ್ಪೂ ಇಲ್ಲದ ಇಂಗ್ಲಿಷ್ ನಾನು ಆಡಿದ್ದು ಅದೊಂದೇ ಸಲ. ನಾನು ಬೆರಳು ತೋರಿಸಿದ್ದನ್ನು ಕಂಡು ಮೌಲಾಸಾಬ, ಹೊಗಳುತ್ತಿದ್ದೇನೆಂದು ತಿಳಿದು, ಕೈಮುಗಿದು ಸಣ್ಣಗೆ ನಕ್ಕ. ಬಾಗಿಲಲ್ಲಿ ಕಚೇರಿಯ ಪಟ್ಟೇವಾಲಾ ನಿಂತಿದ್ದ.

ಮರುದಿನ ವಾಪಸು ಬರುವಾಗ ಅವನು ಕೇಳಿದ, "ಸಾಹೇಬರಿಗೆ ನನ್ನ ಬಗ್ಗೆ ಏನಂದ್ರಿ ಮಾಸ್ತರ?"

"ಕಟ್ಟಿಗಿ ಕೆಲಸದಾಗ ನಿನ್ನಂಥಾಂವ ಇಲ್ಲ ಅಂದೆ."

"ಭಾಳ ಉಪಕಾರ ಆತ್ರಿ" ಎಂದು ಅವನು ಮುಖ ಆ ಕಡೆ ತಿರುಗಿಸಿದ. ಕೆಲಸ ಬೇರೆ ಊರಿನವನಿಗೆ ಹೋಯಿತು. ಸಾಹೇಬರ ಜಾತಿಯೇ ಅಷ್ಟು ಎಂದು ನಾನೇ ಅವನಿಗೆ ಸಮಾಧಾನ ಹೇಳಿದೆ.

ಆಮೇಲಿನ ವರ್ಷಗಳಲ್ಲಿ ನಾನು ಅವನ ಮನೆಗೆ ಹೋಗುವುದು ಹೆಚ್ಚಾಯಿತು. ಹುಡುಗರ ಅಭ್ಯಾಸ ನೋಡುತ್ತಿದ್ದೆ. ಅವನು ಚಾಪೆ ಹಾಸಿ ಶೇಂಗಾ ಬೆಲ್ಲ ತರಿಸುತ್ತಿದ್ದ. ಅವನಿಗೇನೂ ಗೊತ್ತಿಲ್ಲ ಎಂಬ ಧೈರ್ಯದಲ್ಲಿ ಬೆಲ್ಲ ಸಿಹಿಯಾಗಿಯೇ ಇತ್ತು.

ಹೋದ ವಾರ ಅವನ ಸಣ್ಣ ಮಗ ಏಳನೆಯ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾದ. ಖುಷಿಯಿಂದ ಹೋದೆ. ಮೌಲಾಸಾಬ ಬಾಗಿಲಲ್ಲೇ ನಿಂತಿದ್ದ. ಚಾಪೆ ಹಾಸಲಿಲ್ಲ.

"ಮಾಸ್ತರ, ಅವತ್ತ ಸಾಹೇಬರ ಬಾಗಲದಾಗ ಪಟ್ಟೇವಾಲಾ ನಿಂತಿದ್ನಲ್ರಿ, ಅಂವಾ ನಮ್ಮ ಬೀಗರ ಪೈಕಿ. ಅಷ್ಟ ಇಂಗ್ಲಿಷ್ ಅವಗ ತಿಳೀತಿತ್ತು. ಅವತ್ತ ಸಂಜೀಕನ ಎಲ್ಲಾ ಹೇಳಿದ."

ನಾನು ಹೊಸ್ತಿಲಾಚೆಯೇ ನಿಂತು ಕೇಳಿದೆ, "ಮತ್ತ ಇಷ್ಟ ವರ್ಷ ಯಾಕ ಸುಮ್ನಿದ್ದಿ?"

"ಹುಡುಗ್ರು ನಿಮ್ಮ ಕೈಯಾಗ ಇದ್ರಲ್ರಿ." ಸಿಟ್ಟಿರಲಿಲ್ಲ ದನಿಯಲ್ಲಿ. "ಈಗ ಸಣ್ಣಾಂವಂದೂ ಮುಗೀತು. ಇನ್ನ ನೀವು ನಮ್ಮನಿಗೆ ಬರೂದು ಬ್ಯಾಡ್ರಿ."

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲು ಹಾಕಿದ್ದ. ಅವನು ನನ್ನನ್ನು ಸಹಿಸಿಕೊಂಡಿದ್ದ ಅಷ್ಟೂ ವರ್ಷಗಳನ್ನು ನಾನು ಸ್ನೇಹ ಎಂದುಕೊಂಡಿದ್ದೆ.

ಇವತ್ತೂ ಸಾಲೆಗೆ ಹೋಗಿ ಬಂದೆ. ದಾರಿಯಲ್ಲಿ ಇಬ್ಬರು ನಿಂತು ನಮಸ್ಕಾರ ಮಾಡಿದರು. ಮೊದಲೆಲ್ಲ ಊರು ನನಗೆ ಮಾನ ಕೊಡುತ್ತದೆಂದು ಹಿಗ್ಗುತ್ತಿದ್ದೆ. ಈಗ ಅವರ ಮಗ ಯಾವ ಇಯತ್ತೆಯಲ್ಲಿದ್ದಾನೆ, ಇನ್ನೆಷ್ಟು ವರ್ಷ ಉಳಿದಿದೆ ಎಂದು ಲೆಕ್ಕ ಹಾಕುತ್ತೇನೆ.