ಕಾಲುಚೈನು ಹಾಕುವ ಜಾಗ

ದೆವ್ವ ಬಂತು, ಸತ್ತವರು ಬಂದು ಹೇಳಿದರು ಎನ್ನುವುದನ್ನೆಲ್ಲ ನಾನು ನಂಬಿದವನಲ್ಲ. ಹಾಗೆ ಹೇಳುವವರನ್ನು ಎದುರಿಗೇ ಗೇಲಿ ಮಾಡಿದ್ದೇನೆ. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನಷ್ಟೇ ಬರೆಯುತ್ತೇನೆ. ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಬಿಟ್ಟು ಬರೆದರೆ ನಿಮಗೆ ಏನೂ ಅರ್ಥವಾಗುವುದಿಲ್ಲ.

ನಮ್ಮದು ಮಾಂಬಳ್ಳಿ. ಇದು ನಡೆದಾಗ ಮೊಮ್ಮಗಳು ಚಂದನಾಗೆ ಒಂಬತ್ತು ವರ್ಷ. ಮಾತಿಲ್ಲ. ಕರೆದರೆ ತಿರುಗುವುದಿಲ್ಲ, ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಅಳುತ್ತಾಳೆ, ಅವಳ ಅಮ್ಮನ ಹೊರತು ಯಾರು ಮುಟ್ಟಿದರೂ ಕೊಸರಿಕೊಂಡು ಓಡುತ್ತಾಳೆ. ಡಾಕ್ಟರು ಆಟಿಸಂ ಎಂದರು. ನಮ್ಮ ಮನೆಯಲ್ಲಿ ಬೇರೆ ಕಾರಣ ಹುಡುಕಿದರು. ಸೊಸೆ ಮಂಗಳ ಬಸುರಿಯಾಗಿದ್ದಾಗ ಬಿ.ಎ. ಪರೀಕ್ಷೆಗೆ ಓದುತ್ತಿದ್ದಳು. ಅದನ್ನೇ ಹಿಡಿದು ನನ್ನ ಹೆಂಡತಿ ಜಗಲಿಯಲ್ಲಿ ಕೂತು, "ಒಟ್ಟೇಲಿದ್ದ ಮಗೀನ ಮಾತ್ನೆಲ್ಲ ಇವ್ಳೇ ಓದಿ ಮುಗಿಸ್ಬುಟ್ಲು ಕಣ್ರವ್ವ" ಎನ್ನುತ್ತಿದ್ದಳು. ಅಕ್ಕಪಕ್ಕದ ಹೆಂಗಸರು ನಗುತ್ತಿದ್ದರು. ಮಂಗಳ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು. ಎಲ್ಲ ಗೊತ್ತಿದ್ದ ನಾನು ಸುಮ್ಮನಿದ್ದೆ.

ನನಗೆ ಗೊತ್ತಿದ್ದದ್ದು ಇಷ್ಟು. ನನ್ನ ತಂಗಿ ಪುಟ್ಟಮ್ಮಣ್ಣಿ ಥೇಟ್ ಹೀಗೇ ಇದ್ದಳು. ಆಗ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದೆವು. ಹುಳು ಸೊಪ್ಪು ತಿನ್ನುವಾಗ ಮಳೆ ಹನಿದಂತೆ ಒಂದು ಸದ್ದು ಬರುತ್ತದೆ. ಅವಳು ಹುಳು ಬಿಟ್ಟಿದ್ದ ಬಿದಿರಿನ ತಟ್ಟೆಗೆ ಕಿವಿಯಿಟ್ಟು ಅದನ್ನು ಗಂಟೆಗಟ್ಟಲೆ ಕೇಳುತ್ತಿದ್ದಳು. ಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ ತಲೆ ಎತ್ತಿ ಕೂರುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಗ ತಟ್ಟೆ ಅಲ್ಲಾಡಿಸಬಾರದು. ಸದ್ದು ನಿಂತಿತಲ್ಲ ಎಂದು ಅವಳು ಬಂದು ಅಲ್ಲಾಡಿಸುತ್ತಿದ್ದಳು. ಅದಕ್ಕೇ ಪ್ರತಿ ಜ್ವರಕ್ಕೂ ಅಪ್ಪ ಹೇಳಿದಂತೆ ನಾನು ಅವಳನ್ನು ಕಂಬಕ್ಕೆ ಕಟ್ಟುತ್ತಿದ್ದೆ. ಎಡಗಾಲಿಗೆ, ಕಾಲುಚೈನು ಹಾಕುವ ಜಾಗದಲ್ಲಿ ಹಗ್ಗ. ಅಲ್ಲಿ ಹುಣ್ಣಾಯಿತು. ಅವ್ವ ಅರಿಶಿನ ಹಚ್ಚಿದಳು. ಮುಂದಿನ ಜ್ವರಕ್ಕೆ ಅಲ್ಲೇ ಕಟ್ಟಿದೆ. ಹನ್ನೊಂದು ವರ್ಷಕ್ಕೆ ಕಾಮಾಲೆಯಾಗಿ ಹೋದಳು. ನನಗೆ ಹೆಣ್ಣು ನೋಡುವ ಹೊತ್ತಿಗೆ ಅವಳ ಹೆಸರನ್ನೇ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಹೆಂಡತಿಗೂ ನಾನು ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ.

ಕೆಲವು ವರ್ಷದ ಹಿಂದೆ ಕೊಳ್ಳೇಗಾಲದ ಒಂದು ಶಾಲೆಯಲ್ಲಿ ಇಂಥ ಮಕ್ಕಳಿಗೆ ಶಿಬಿರ ಮಾಡಿದರು. ಮಗನಿಗೆ ಹನೂರು ಬಸ್ಸಿನಲ್ಲಿ ಡ್ಯೂಟಿ ಇತ್ತು. ಮಂಗಳನ ಜೊತೆ ನಾನು ಹೋದೆ. ಡಾಕ್ಟರಮ್ಮ ಸಮಾಧಾನದಿಂದ ವಿವರಿಸಿದರು. ಇಂಥ ಮಕ್ಕಳ ಮಿದುಳಿನಲ್ಲಿ ಕೆಲವು ರಾಸಾಯನಿಕಗಳು ಬೇರೆ ರೀತಿ ಕೆಲಸ ಮಾಡುತ್ತವೆಯೇ ಎಂದು ಸಂಶೋಧನೆ ನಡೆಯುತ್ತಿದೆ, ವಂಶದ ವಿವರವೂ ಬೇಕು ಎಂದರು. "ತಾತ, ನಿಮ್ಮ ಮನೇಲಿ ಹಿಂದೆ ಯಾರಾದ್ರೂ ಹೀಗಿದ್ರಾ?"

ಮಂಗಳ ನನ್ನ ಮುಖ ನೋಡಿದಳು. "ನಮ್ ಕಡೆ ಯಾರೂ ಇಲ್ಲ ಮೇಡಂ" ಎಂದೆ.

"ಅಂಗಾರೆ ನನ್ ಕಡೇದೇ ಅಂತ ಬರ್ಕಳಿ ಮೇಡಂ" ಎಂದಳು ಮಂಗಳ.

ಚಂದನಾ ಕಿಟಕಿಯ ಹತ್ತಿರ ಬಾಟಲಿ ಮುಚ್ಚಳ ತಿರುಗಿಸುತ್ತಾ ಕೂತಿದ್ದಳು. ಎದ್ದು ಬಂದಳು. ನನ್ನ ಬಲಗೈ ಹಿಡಿದಳು. ಅಲ್ಲಿಯವರೆಗೆ ಆ ಮಗು ನನ್ನನ್ನು ಮುಟ್ಟಿದ್ದೇ ಇಲ್ಲ. ನೆಲದ ಮೇಲೆ ಕೂತು ಎಡಗಾಲು ಚಾಚಿ, ಕಾಲುಚೈನು ಹಾಕುವ ಅದೇ ಜಾಗಕ್ಕೆ ನನ್ನ ಬೆರಳುಗಳನ್ನು ಸುತ್ತಿಸಿ, ಮೇಲಿಂದ ತನ್ನ ಎರಡೂ ಕೈಯಿಂದ ಬಿಗಿಯಾಗಿ ಅದುಮಿದಳು. ನನಗೇ ನೋಯುವಷ್ಟು ಬಿಗಿ. ಆಮೇಲೆ ಕಿರುಬೆರಳಿಂದ ಶುರುಮಾಡಿ ಒಂದೊಂದೇ ಬೆರಳನ್ನು ಬಿಡಿಸಿದಳು. ನನ್ನ ಕೈಯನ್ನು ನನ್ನ ತೊಡೆಯ ಮೇಲಿಟ್ಟು ಮುಚ್ಚಳದ ಹತ್ತಿರ ಹೋದಳು. ಹೊರಗೆ ಮಟಮಟ ಮಧ್ಯಾಹ್ನ. ನಾನು ಡಾಕ್ಟರಮ್ಮನ ಕಡೆ ತಿರುಗಿದೆ.

"ಇದ್ಲು ಮೇಡಂ. ನನ್ ತಂಗಿ. ನಾನೇ ಕಟ್ಟಾಕ್ತಿದ್ದೆ" ಎಂದೆ. ಎಲ್ಲ ಹೇಳಿದೆ.

ಡಾಕ್ಟರಮ್ಮ ಬಯ್ಯಲಿಲ್ಲ. ವಂಶದಿಂದ ಬಂದಿರಬಹುದು, ಇನ್ನೂ ಪೂರ್ತಿ ತಿಳಿದಿಲ್ಲ, ಆದರೆ ತಾಯಿ ಓದಿದ್ದರಿಂದ ಇದು ಬರುವುದಿಲ್ಲ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದರು. ಮಗು ಹಾಗೇಕೆ ಮಾಡಿತು ಎಂದು ನಾನು ಕೇಳಿದಾಗ, ಇಂಥ ಕೆಲವು ಮಕ್ಕಳಿಗೆ ಮೈ ಬಿಗಿಯಾಗಿ ಅದುಮಿದರೆ ಹಿತವಾಗುತ್ತದೆ ಎಂದರು. ಇರಬಹುದು. ಆದರೆ ಅಷ್ಟು ಜನರಲ್ಲಿ ನನ್ನ ಕೈಯೇ ಏಕೆ, ಆ ಕಾಲೇ ಏಕೆ, ನಾನು ಸುಳ್ಳು ಹೇಳಿದ ಆ ಗಳಿಗೆಯೇ ಏಕೆ?

ವಾಪಸ್ ಬರುವ ಬಸ್ಸಿನಲ್ಲಿ ಊರು ಹತ್ತಿರವಾದಾಗ, "ಮಾವ, ಅತ್ತೆಗೆ ನೀವೇ ಯೋಳ್ಬೇಕು. ನಾನ್ ಯೋಳುದ್ರೆ ನಂಬಾಕಿಲ್ಲ" ಎಂದಳು ಮಂಗಳ. ಆ ಸಂಜೆಯೇ ಜಗಲಿಯಲ್ಲಿ, ನಗುತ್ತಿದ್ದ ಹೆಂಗಸರ ಎದುರಿಗೇ ಹೇಳಿದೆ. ಯಾರೂ ನಗಲಿಲ್ಲ. ಹೆಂಡತಿ ಹದಿನೈದು ದಿನ ನನ್ನ ಜೊತೆ ಮಾತು ಬಿಟ್ಟಳು. ಹದಿನಾರನೆಯ ದಿನ ಸೊಸೆಯನ್ನು ಕರೆದು ತಾನೇ ತಲೆ ಬಾಚಿದಳು.

ಈಗ ವಾರಕ್ಕೊಮ್ಮೆ ಯಳಂದೂರಿಗೆ ಮಗುವನ್ನು ತರಬೇತಿಗೆ ಕರೆದುಕೊಂಡು ಹೋಗುವವನು ನಾನೇ. ಬೇಕಾದದ್ದರ ಚಿತ್ರ ತೋರಿಸಿ ಕೇಳುವುದನ್ನು ಕಲಿತಿದ್ದಾಳೆ. ಎಷ್ಟೋ ಸಲ ಅವಳ ಪಕ್ಕದಲ್ಲಿ ಕೈ ಚಾಚಿಕೊಂಡು ಕೂತಿದ್ದೇನೆ. ಮತ್ತೆ ಮುಟ್ಟಿಲ್ಲ. ಆ ದಿನ ಬೆರಳು ಬಿಡಿಸಿದ್ದು ಯಾರು ಎಂದು ನೀವು ಕೇಳಿದರೆ ಚಂದನಾ ಎಂದೇ ಹೇಳುತ್ತೇನೆ. ಹೇಳುವಾಗ ದನಿ ಮಾತ್ರ ಗಟ್ಟಿಯಾಗುವುದಿಲ್ಲ.