ಗೇಟಿನ ಬಳಿ ಸಾಯುವ ಕಥೆಗಾತಿ

ಮೇ ತಿಂಗಳು, ಈ ದೇಶದಲ್ಲಿ ಚಳಿಗಾಲ ಶುರುವಾಗುವ ಹೊತ್ತು. ದೇವೂರೆ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಎಸಿನಾತಿ ಮೊಣಕಾಲೂರಿ ಕೂತು ಒಲೆ ಊದುತ್ತಿದ್ದಾರೆ. ಕಟ್ಟಿಗೆ ಹಸಿ, ಹೊಗೆಗೆ ಕಣ್ಣು ಕೆಂಡವಾಗಿದೆ. ಒಲೆಯ ಮೇಲಿನ ತಗಡಿನ ಡ್ರಮ್ಮಿನಲ್ಲಿ ಸ್ನಾನದ ನೀರು ಕಾಯಬೇಕು. ಎದುರಿನ ಉದ್ದನೆಯ ಕೋಣೆಯಿಂದ ತುಂಬು ಬಸುರಿಯರು ಒಬ್ಬೊಬ್ಬರೇ ಕಂಬಳಿ ಹೊದ್ದು, ಸೊಂಟಕ್ಕೆ ಕೈಕೊಟ್ಟುಕೊಂಡು ಹೊರಗೆ ಬರುತ್ತಾರೆ. ಮುಖ ತೊಳೆಯುವ ಮೊದಲೇ ಅವರಿಗೆ ಬೇಕಾಗಿರುವುದು ಬೇರೆ.

"ಅಜ್ಜೀ, ರಾತ್ರಿ ಆ ಹುಡುಗೀನ ಮಡುವಿನವಳು ಎಳ್ಕೊಂಡು ಹೋದ್ಲಲ್ಲ, ಆಮೇಲೆ ಏನಾಯ್ತು? ಒಂದೇ ಒಂದು ಮಾತು ಹೇಳಿ, ಸಾಕು."

"ಬೆಳಕು ಹರಿದಿದೆ, ಕಣ್ಣು ಕಾಣ್ಸಲ್ವಾ?"

"ಸೂರ್ಯ ಇನ್ನೂ ಬೆಟ್ಟದ ಹಿಂದೇನೇ ಇದಾನಲ್ಲ."

"ಹಗಲು ಕಥೆ ಹೇಳಿದ್ರೆ ಹೇಳಿದೋಳೂ ಕೋತಿ, ಕೇಳಿದೋಳೂ ಕೋತಿ. ನಂಗೇನೋ ವಯಸ್ಸಾಯ್ತು, ಮರ ಹತ್ತಿದ್ರೂ ಯಾರೂ ಕೇಳಲ್ಲ. ನಿನ್ನ ಹೊಟ್ಟೇಲಿರೋದು ಬಾಲ ಇಟ್ಕೊಂಡು ಬಂದ್ರೆ ನರ್ಸಮ್ಮಂಗೆ ಏನು ಹೇಳ್ತೀಯ?"

ಎಸಿನಾತಿ ನಗುವುದಿಲ್ಲ. ನಗುವುದೇನಿದ್ದರೂ ಕೇಳಿದವರ ಪಾಲು. ಅವರು ಪೊರಕೆ ಎತ್ತಿಕೊಂಡು ಅಂಗಳ ಗುಡಿಸಲು ಹೊರಡುತ್ತಾರೆ.

ಇದು ಹೆರಿಗೆಗೆ ಕಾಯುವವರ ಮನೆ. ನದಿಯಾಚೆಯ ಊರುಗಳಿಂದ, ಬಸ್ಸು ಹೋಗದ ಕೊಂಪೆಗಳಿಂದ ಬಂದ ಹೆಂಗಸರು ದಿನ ತುಂಬುವ ಮೊದಲೇ ಇಲ್ಲಿ ಬಂದು ಬಿಡಾರ ಹೂಡುತ್ತಾರೆ. ಜೋಳದ ಹಿಟ್ಟು, ಹುರುಳಿ, ಒಂದು ಪಾತ್ರೆ, ಒಂದು ಚಾಪೆ ಎಲ್ಲವೂ ಮನೆಯಿಂದಲೇ. ಮುದ್ದೆ ತಿರುವಿಕೊಂಡು ತಿನ್ನುವುದು, ನೋವು ಬರುವವರೆಗೆ ಕಾಯುವುದು. ನೋವು ಬಂದರೆ ಹೆರಿಗೆ ಕೋಣೆ ಕೂಗಳತೆಯ ದೂರದಲ್ಲಿದೆ. ಎಸಿನಾತಿಗೆ ಸಂಬಳ ಬರುವುದು ಗುಡಿಸಿದ್ದಕ್ಕೆ, ನೀರು ಕಾಯಿಸಿದ್ದಕ್ಕೆ, ಚಾಪೆ ಬಿಸಿಲಿಗೆ ಹಾಕಿದ್ದಕ್ಕೆ. ಕಥೆಗೆ ಸಂಬಳವಿಲ್ಲ. ಆಸ್ಪತ್ರೆಯ ಯಾವ ಕಾಗದದಲ್ಲೂ ಅದರ ಸುದ್ದಿ ಇಲ್ಲ.

ಕಥೆ ಶುರುವಾದದ್ದು ಓಡಿಹೋಗುವವರಿಂದ. ಬಂದವರಲ್ಲಿ ಎಷ್ಟೋ ಜನ ನಾಲ್ಕು ದಿನಕ್ಕೇ ಗಂಟು ಕಟ್ಟುತ್ತಿದ್ದರು. ಒಬ್ಬಳಿಗೆ ಮನೆಯಲ್ಲಿ ಬಿಟ್ಟುಬಂದ ಮಕ್ಕಳ ಚಿಂತೆ, ಇನ್ನೊಬ್ಬಳಿಗೆ ಗಂಡನ ಚಿಂತೆ. ಎಲ್ಲರಿಗೂ ಇದ್ದದ್ದು ಹೆದರಿಕೆ. "ಕೆಲಸ ಇಲ್ದೆ ಬಿದ್ಕೊಂಡಿದ್ರೆ ಹೆದರಿಕೆ ಬರುತ್ತೆ" ಎನ್ನುತ್ತಾರೆ ಎಸಿನಾತಿ. "ಬಾಯಿಗೆ ಒಂದು ಕೆಲಸ ಕೊಡೋಣ ಅಂತ ಶುರು ಮಾಡ್ದೆ. ನಮ್ಮ ಕಥೆ ಸುಮ್ನೆ ಕೇಳೋದಲ್ಲ, ಮಾತುಮಾತಿಗೂ ಹೂಂಗುಡಬೇಕು." ಆ ಹೂಂಕಾರ ಇವರಾಡುವ ಶೋನಾ ಭಾಷೆಯಲ್ಲಿ 'ಜೆಪ್ಫುಂದೆ'. ಕಥೆಗಾತಿ ಒಂದು ಮಾತು ಹೇಳಿದರೆ ಕೂತವರೆಲ್ಲ ಒಟ್ಟಿಗೆ ಜೆಪ್ಫುಂದೆ ಅನ್ನಬೇಕು. ಅದು ನಿಂತರೆ ಕಥೆಯೂ ನಿಂತಿತು.

ಕಥೆಗಳೆಲ್ಲ ಸೋದರತ್ತೆಯಿಂದ ಬಂದವು. ಎಳವೆಯಲ್ಲಿ ಕಟಾವು ಮುಗಿದ ಚಳಿಗಾಲದ ಸಂಜೆಗಳಲ್ಲಿ ಒಲೆಯ ಸುತ್ತ ಕೂತು ಕಲಿತದ್ದು. ಕಥೆಗೆ ಚಳಿಗಾಲವೇ ಕಾಲ, ಬಿತ್ತನೆಯ ಹೊತ್ತಿನಲ್ಲಿ ಹೇಳಿದರೆ ಹೊಲ ಕೆಡುತ್ತದೆ ಎಂಬ ಕಟ್ಟಳೆಯಿದೆ. ಇಲ್ಲಿ ಮಾತ್ರ ಎಸಿನಾತಿ ಅದನ್ನು ಸ್ವಲ್ಪ ಸಡಿಲಿಸಿದ್ದಾರೆ. ಬಸುರಿಯರೆಲ್ಲ ಹೊಲಕ್ಕೆ ರಜೆ ಹಾಕಿ ಬಂದವರು, ಅವರಿಗೆ ವರ್ಷವಿಡೀ ಚಳಿಗಾಲವೇ ಎಂಬುದು ಅವರ ವಾದ. ಹಗಲಿನ ಕಟ್ಟಳೆಯನ್ನು ಮಾತ್ರ ಕೂದಲೆಳೆಯಷ್ಟೂ ಬಿಟ್ಟುಕೊಡುವುದಿಲ್ಲ.

ಸಡಿಲಿಸಲೇಬೇಕಾದ ಇನ್ನೊಂದು ಕಟ್ಟಳೆ ಇತ್ತು. ಶೋನಾ ಕಥೆ ಮುಗಿಯುವುದು ಒಂದೇ ಮಾತಿನಿಂದ: 'ಇಲ್ಲಿಗೆ ಕಥೆಗಾತಿ ಸತ್ತಳು.' ಅಷ್ಟು ಹೇಳಿದರೆ ಕಥೆಯ ಬಾಗಿಲು ಮುಚ್ಚಿದಂತೆ. ಹೇಳದಿದ್ದರೆ ಕಥೆ ಕೇಳಿದವರ ಬೆನ್ನು ಹತ್ತುತ್ತದೆ, ದಾರಿ ತಪ್ಪಿಸುತ್ತದೆ. ಎಸಿನಾತಿ ಮೊದಲ ಸಂಜೆ ಆ ಮಾತಿಗೆ ಬಾಯಿ ತೆರೆದಾಗ ಪಕ್ಕದಲ್ಲಿದ್ದ ಬಸುರಿಯೊಬ್ಬಳು ಅವರ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಈ ಮನೆಯಲ್ಲಿ ಸಾವಿನ ಮಾತು ಬೇಡ ಅಂದಳು. ಹಾಗಂತ ಮುಚ್ಚದ ಕಥೆಯೊಂದಿಗೆ ಮಲಗುವುದು ಹೇಗೆಂದು ಉಳಿದವರು ಗಾಬರಿಯಾದರು. ಕೆಲ ದಿನ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಕೊನೆಗೆ ದಾರಿ ತೋರಿಸಿದವಳು ಕೈ ಅಡ್ಡ ಹಿಡಿದವಳೇ. ಹೆರಿಗೆಯಾಗಿ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಮನೆಗೆ ಹೊರಟವಳು ಗೇಟು ದಾಟುತ್ತಲೇ ತಿರುಗಿ ನಿಂತು, "ಇಲ್ಲಿಗೆ ಕಥೆಗಾತಿ ಸತ್ತಳು" ಎಂದು ತಾನೇ ಹೇಳಿ ಹೋದಳು.

ಅಂದಿನಿಂದ ಇದು ಈ ಮನೆಯ ಪದ್ಧತಿ. ಕಥೆ ಮುಚ್ಚುವುದು ಗೇಟಿನಾಚೆ, ಮುಚ್ಚುವವಳು ಮಗುವಿನ ತಾಯಿ. ಎಲ್ಲರೂ ಮಗುವಿನೊಂದಿಗೆ ಹೋಗುವುದಿಲ್ಲ ಎಂಬುದು ಎಸಿನಾತಿಗೆ ಗೊತ್ತು. ಅಂಥವರಿಂದ ಅವರು ಏನೂ ಹೇಳಿಸುವುದಿಲ್ಲ, ಗೇಟಿನ ತನಕ ಜೊತೆಗೆ ಹೋಗಿ ಅವರ ಗಂಟನ್ನು ಅವರ ತಲೆಗೇರಿಸಿ ಬರುತ್ತಾರೆ. "ಅವರ ಕಥೆ ನನ್ನ ಹತ್ರಾನೇ ತೆರೆದಿರ್ಲಿ. ಮತ್ತೆ ಬಂದಾಗ ಮುಚ್ತಾರೆ."

ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಗೇಟಿನ ಮುಂದೆ ಒಂದು ಎತ್ತಿನಗಾಡಿ ನಿಲ್ಲುತ್ತದೆ. ಗಾಡಿ ಹೊಡೆದುಕೊಂಡು ಬಂದವರು ಮಾಯಿ ಟ್ರೈಮೋರ್, ಅಂದರೆ ಟ್ರೈಮೋರನ ತಾಯಿ. ಮಗ ಜೊಹಾನ್ಸ್‌ಬರ್ಗ್‌ನಲ್ಲಿ ದುಡಿಯುತ್ತಾನೆ. ಸೊಸೆ ಒತಿಲಿಯಾ ಇಲ್ಲಿ ಕಾಯುತ್ತಿದ್ದಾಳೆ.

"ಗಂಟು ಕಟ್ಟು. ನೆಲಗಡಲೆ ಕೀಳೋ ಹೊತ್ತು, ನಾನೊಬ್ಬಳೇ ಎಷ್ಟು ಅಂತ ಬಗ್ಗಲಿ? ಅಲ್ಲೇ ಕೂತು ಬಿಡಿಸು, ನಿನ್ನ ಹತ್ರ ಹೊರೆ ಹೊರಿಸಲ್ಲ."

ಸುದ್ದಿ ತಿಳಿದು ನರ್ಸಮ್ಮ ಓಡಿ ಬರುತ್ತಾರೆ. ಮಗು ತಲೆ ಮೇಲು ಮಾಡಿ ಕೂತಿದೆ, ದಿನ ಹತ್ತಿರವಿದೆ, ಈಗ ನದಿ ದಾಟಿಸಿದರೆ ಕಷ್ಟ ಎಂದು ಬಿಡಿಸಿ ಹೇಳುತ್ತಾರೆ. ಹಿಂದಿನ ಸಲವೂ ಹೀಗೇ ಆಗಿತ್ತು. ಮನೆಯಲ್ಲೇ ನೋವು ಬಂತು, ಕಾಲು ಮೊದಲು ಬಂತು, ಗಾಡಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಹೋಗಿತ್ತು. ಒತಿಲಿಯಾ ಉಳಿದದ್ದೇ ಹೆಚ್ಚು. "ಬರೋ ವಾರ ಮತ್ತೆ ಕರ್ಕೊಂಡು ಬರ್ತೀನಿ, ನಂಗೂ ಕಣ್ಣಿದೆ" ಎನ್ನುತ್ತಾರೆ ಮಾಯಿ ಟ್ರೈಮೋರ್. ಬಲವಂತವಾಗಿ ಇರಿಸಿಕೊಳ್ಳುವ ಹಕ್ಕು ನರ್ಸಮ್ಮನಿಗಿಲ್ಲ. ಒತಿಲಿಯಾ ಚಾಪೆ ಸುತ್ತತೊಡಗುತ್ತಾಳೆ. ಅತ್ತೆಗೆ ಎದುರಾಡುವ ಪದ್ಧತಿ ಅವರಲ್ಲಿಲ್ಲ. ಅದಲ್ಲದೆ, ಆ ಮಗು ಹೋದಾಗ ಅತ್ತೆ ಹಾಸಿಗೆಯ ಪಕ್ಕ ಕೂತು ಒಂದು ಹನಿ ಕಣ್ಣೀರನ್ನೂ ಹಾಕಲಿಲ್ಲ. ಆಮೇಲಿಂದ ಅವಳು ಅತ್ತೆಯೊಡನೆ ಹೌದು ಇಲ್ಲ ಬಿಟ್ಟು ಬೇರೆ ಮಾತೇ ಆಡಿಲ್ಲ. ಈ ವಿಷಯವನ್ನು ಅವಳು ಹೇಳಿಕೊಂಡಿರುವುದು ಎಸಿನಾತಿಯ ಹತ್ತಿರ ಮಾತ್ರ, ಪಾತ್ರೆ ಉಜ್ಜುತ್ತಾ.

ಎಸಿನಾತಿ ಜಗಳಕ್ಕೆ ನಿಲ್ಲುವುದಿಲ್ಲ. ಮಂಡಿಯೂರಿ ಕೈತಟ್ಟಿ, ರೂಢಿಯಂತೆ ತಾನು ಚಿಹೇರಾ ಕುಲದವಳೆಂದು ಹೇಳಿಕೊಂಡು, ಬಂದವರನ್ನು ಕುಶಲ ಕೇಳುತ್ತಾರೆ. ಸಕ್ಕರೆ ಸುರಿದ ಚಹಾ ಕೊಡುತ್ತಾರೆ.

"ಕರ್ಕೊಂಡು ಹೋಗಿ, ಮಾಯಿ. ನಾನ್ಯಾರು ತಡೆಯೋಕೆ? ಅವಳ ಕಥೆ ಒಂದು ಅರ್ಧಕ್ಕೆ ನಿಂತಿದೆ, ಅಷ್ಟೇ."

ಮಾಯಿ ಟ್ರೈಮೋರರ ಕೈಯಲ್ಲಿನ ಲೋಟ ಬಾಯಿಯ ಹತ್ತಿರ ನಿಲ್ಲುತ್ತದೆ. "ಅರ್ಧಕ್ಕಾ?"

"ನಿನ್ನೆ ಎಲ್ಲರಿಗೂ ನಿದ್ದೆ ಬಂತು."

"ಚಿಹೇರಾ ಕುಲದ ಹೆಂಗಸರು ಹಟಮಾರಿಗಳು ಅಂತ ಕೇಳಿದ್ದೆ, ತಲೆಗೇಡಿಗಳು ಅಂತ ಈಗ ಗೊತ್ತಾಯ್ತು. ಅರ್ಧ ಕಥೆ ಹೊತ್ತಿರೋ ಬಸುರಿನ ಗಾಡೀಲಿ ಕೂರಿಸ್ಕೊಂಡು ನಾನು ನದಿ ದಾಟ್ಲಾ? ಈಗ್ಲೇ ಮುಗಿಸಿ."

"ಈಗಾ?"

ಇಬ್ಬರೂ ಒಟ್ಟಿಗೆ ತಲೆಯೆತ್ತಿ ಸೂರ್ಯನನ್ನು ನೋಡುತ್ತಾರೆ. ಮಾಯಿ ಟ್ರೈಮೋರ್ ಗೊಣಗುತ್ತಾ ಎದ್ದು ಎತ್ತು ಬಿಚ್ಚುತ್ತಾರೆ. ದಿನವಿಡೀ ಅವರು ಅಂಗಳದಲ್ಲಿ ಕೂತು, ಕಸ ಗುಡಿಸುವುದು ಹೇಗೆ, ಚಾಪೆ ಕೊಡವುವುದು ಹೇಗೆ ಎಂದು ಎಲ್ಲರಿಗೂ ಪಾಠ ಹೇಳುತ್ತಾರೆ. ಎಸಿನಾತಿ ಎಲ್ಲಕ್ಕೂ ಹೂಂ ಅನ್ನುತ್ತಾರೆ. ಉಪಾಯ ಹೂಡಿದಿರಾ ಎಂದು ಕೇಳಿದರೆ ಅವರದು ಒಂದೇ ಉತ್ತರ: "ಉಪಾಯ ಎಂಥದು? ಕಥೆ ನಿಜವಾಗ್ಲೂ ಅರ್ಧಕ್ಕೆ ನಿಂತಿತ್ತು." ಕಥೆಯನ್ನು ಅವರು ದಿನವೂ ಅರ್ಧಕ್ಕೇ ನಿಲ್ಲಿಸುತ್ತಾರೆ ಎಂಬುದನ್ನು ಮಾತ್ರ ಅಲ್ಲಿ ಯಾರೂ ಬಾಯಿಬಿಡುವುದಿಲ್ಲ.

ಹೊತ್ತು ಮುಳುಗುತ್ತಲೇ ಒಲೆಯ ಸುತ್ತ ಹೆಂಗಸರು ಸೇರುತ್ತಾರೆ. ಎಸಿನಾತಿ ಗಿಡ್ಡ ಮಣೆಯ ಮೇಲೆ ಕೂತು ನಿನ್ನೆಯ ಎಳೆ ಹಿಡಿಯುತ್ತಾರೆ. ಹುಡುಗಿ ನೀರಿಗೆ ಹೋಗಿದ್ದಳು. ಜೆಪ್ಫುಂದೆ. ಮಡುವಿನವಳು ಅವಳನ್ನು ಒಳಗೆಳೆದುಕೊಂಡಳು. ಜೆಪ್ಫುಂದೆ. ಎಲ್ಲರಿಗಿಂತ ದೊಡ್ಡ ದನಿ ಹಿಂದಿನ ಮೂಲೆಯಲ್ಲಿರುವ ಮಾಯಿ ಟ್ರೈಮೋರರದೇ. ಮಡುವಿನವಳು ನೀರಿನಾಳದ ದೇವತೆ, ಅವಳು ಒಯ್ದವರಿಗಾಗಿ ಮನೆಯವರು ಅಳಬಾರದು. ಅತ್ತರೆ ಅವಳು ಕೊಂದೇಬಿಡುತ್ತಾಳೆ. ಅಳದೆ ಕಾದರೆ ಔಷಧಿಯ ಬುಟ್ಟಿ ಹೊರಿಸಿ, ವಿದ್ಯೆ ಕಲಿಸಿ, ವಾಪಸು ಕಳಿಸುತ್ತಾಳೆ. ಇದು ಅಲ್ಲಿ ಕೂತ ಎಲ್ಲರಿಗೂ ಗೊತ್ತು.

"ಹುಡುಗಿ ತಾಯಿ ಬಾಯಿಗೆ ಬಟ್ಟೆ ತುರುಕಿಕೊಂಡಳು, ಅಳಲಿಲ್ಲ" ಎನ್ನುತ್ತಾರೆ ಎಸಿನಾತಿ.

"ತಪ್ಪು" ಎಂದು ಮೂಲೆಯಿಂದ ದನಿ. "ಅಳದೆ ಇದ್ದವಳು ತಾಯಿ ಅಲ್ಲ, ಹುಡುಗಿಯ ಗಂಡನ ತಾಯಿ."

"ನಮ್ಮ ಸೋದರತ್ತೆ ಹೇಳಿದ್ದು ತಾಯಿ ಅಂತ."

"ನಿಮ್ಮ ಸೋದರತ್ತೆಗೆ ಸೊಸೆ ಇದ್ಲಾ?"

ಇರಲಿಲ್ಲ. ಎಸಿನಾತಿ ಮಣೆಯಿಂದೆದ್ದು ಪಕ್ಕಕ್ಕೆ ಸರಿಯುತ್ತಾರೆ. ಕಥೆ ಹೇಳುವವರು ಮಣೆ ಬಿಟ್ಟುಕೊಡುವುದು ಅಪರೂಪ. ಮಾಯಿ ಟ್ರೈಮೋರ್ ಬಂದು ಕೂತು, ಸೆರಗಿನಂತೆ ಹೊದ್ದ ಬಟ್ಟೆ ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಮುಂದುವರಿಸುತ್ತಾರೆ.

"ತಾಯಿ ಅಳೋಕೆ ಹೊರಟ್ಲು. ಅತ್ತೆ ಅವಳ ಬಾಯಿ ಮುಚ್ಚಿದ್ಲು. ಊರೆಲ್ಲ ಅತ್ತೆ ಮುಖ ನೋಡ್ತು. ಕಲ್ಲಿನಂಥೋಳು ಅಂತು. ಅವಳು ಜೋಳ ಕುಟ್ಟಿದ್ಲು, ನೀರು ಹೊತ್ತಳು, ದನ ಕಟ್ಟಿದ್ಲು. ಮಡುವಿನವಳು ಒಂದು ಕೂಸನ್ನ ಆಗ್ಲೇ ತಗೊಂಡಿದ್ಲು. ಕಣ್ಣೀರು ನೋಡಿದ್ರೆ ಹುಡುಗೀನೂ ಇಟ್ಕೋತಾಳೆ. ಆ ಮುದುಕಿಗೆ ಗೊತ್ತಿದ್ದದ್ದು ಅಷ್ಟೇ."

ಯಾರೂ ಹೂಂಗುಡುವುದಿಲ್ಲ. ಆಮೇಲೆ ಒತಿಲಿಯಾಳ ದನಿ, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ:

"ಜೆಪ್ಫುಂದೆ."

ಕಥೆಯಲ್ಲಿ ಹುಡುಗಿ ಬುಟ್ಟಿ ಹೊತ್ತು ಮಡುವಿನಿಂದ ಎದ್ದು ಬರುತ್ತಾಳೆ. ಬಂದವಳೇ ಕೇಳುವುದು, ನನಗಾಗಿ ಅಳದೆ ಇದ್ದವರು ಯಾರು ಎಂದು. ಮಾಯಿ ಟ್ರೈಮೋರ್ ಉಸಿರೆಳೆದುಕೊಂಡು ಮುಗಿಸಲು ಹೊರಡುತ್ತಾರೆ. "ಇಲ್ಲಿಗೆ ಕಥೆಗಾತಿ..."

"ತಡೀರಿ" ಎನ್ನುತ್ತಾರೆ ಎಸಿನಾತಿ. "ಆ ಮಾತು ಈ ಮನೇಲಿ ಹೇಳೋ ಹಾಗಿಲ್ಲ. ಗೇಟಿನಾಚೆ ಹೇಳೋದು. ಒತಿಲಿಯಾನೇ ಹೇಳ್ಬೇಕು, ಮಗು ಎತ್ಕೊಂಡು ಹೋಗುವಾಗ."

"ಅಲ್ಲಿವರೆಗೂ ನನ್ನ ಕಥೆ ಬಾಯಿ ತೆರ್ಕೊಂಡಿರ್ಬೇಕಾ?"

"ಹೂಂ."

ಮಾಯಿ ಟ್ರೈಮೋರ್ ಸುತ್ತ ನೋಡುತ್ತಾರೆ. ಬಸುರಿಯರು ನಗು ತಡೆಯಲು ಹೊಟ್ಟೆ ಹಿಡಿದುಕೊಂಡಿದ್ದಾರೆ. "ನನ್ನ ಬಾಯಿಂದಾನೇ ನನ್ನ ಕಟ್ಟಿಹಾಕಿದ್ರಿ. ಚಿಹೇರಾದವರ ಸಹವಾಸ ಯಾರಿಗೂ ಬೇಡಪ್ಪಾ." ಬೈದರೇ ಹೊರತು ಎದ್ದು ಹೋಗುವುದಿಲ್ಲ. ಆ ರಾತ್ರಿ ಒತಿಲಿಯಾ ಸುತ್ತಿಟ್ಟಿದ್ದ ಚಾಪೆ ಬಿಡಿಸಿ ಹಾಸುತ್ತಾಳೆ. ಅರ್ಧವನ್ನು ಅತ್ತೆಗೆ ಬಿಡುತ್ತಾಳೆ.

ನೆಲಗಡಲೆಯನ್ನು ಅಕ್ಕಪಕ್ಕದವರು ಕಿತ್ತರಂತೆ. ಒತಿಲಿಯಾಳಿಗೆ ನೋವು ಬಂದದ್ದು ಆ ವಾರವೇ, ಮಾಯಿ ಟ್ರೈಮೋರ್ ಹೇಳಿದ್ದ 'ಬರೋ ವಾರ'ಕ್ಕೆ ಮೊದಲೇ. ಮಗು ಈ ಸಲವೂ ಕಾಲು ಮುಂದೆ ಮಾಡಿಯೇ ಬರುತ್ತದೆ. ಬಾಗಿಲಾಚೆ ಗದ್ದಲ, ಓಡಾಟ, ಬಹಳ ಹೊತ್ತು. ಆಮೇಲೆ ಅಳು ಕೇಳಿಸುತ್ತದೆ. ಹೆಣ್ಣು ಮಗು. ಹೊರಗೆ ಗೋಡೆಗೊರಗಿ ಕೂತ ಮಾಯಿ ಟ್ರೈಮೋರ್ ಎಸಿನಾತಿಯ ಕಡೆ ತಿರುಗುತ್ತಾರೆ.

"ಈಗ ಅಳ್ಬಹುದಾ?"

"ಈಗ ಅಳಿ."

ಅವರು ಅಳುತ್ತಾರೆ. ಅಂಗಳಕ್ಕೆಲ್ಲ ಕೇಳಿಸುವಂತೆ, ಎರಡು ಮಕ್ಕಳ ಪಾಲಿನದನ್ನೂ ಸೇರಿಸಿ ಅಳುತ್ತಾರೆ. ಎಸಿನಾತಿ ಸಮಾಧಾನ ಮಾಡಲು ಹೋಗುವುದಿಲ್ಲ. ಬಾಣಂತಿಗೆ ನೀರು ಕಾಯಬೇಕು, ಒಲೆಗೆ ಕಟ್ಟಿಗೆ ತಳ್ಳಲು ಹೋಗುತ್ತಾರೆ.

ಹೊರಡುವ ದಿನ ಬೆಳಿಗ್ಗೆ ಗಾಡಿ ಗೇಟು ದಾಟಿ ನಿಲ್ಲುತ್ತದೆ. ಒತಿಲಿಯಾ ಮಗುವನ್ನು ಬೆನ್ನಿಗೆ ಬಿಗಿದುಕೊಂಡು ತಿರುಗುತ್ತಾಳೆ. ಒಳಗಿನ ಬಸುರಿಯರೆಲ್ಲ ಬೇಲಿಗೆ ಬಂದು ನಿಂತಿದ್ದಾರೆ.

"ಇಲ್ಲಿಗೆ ಕಥೆಗಾತಿ ಸತ್ತಳು" ಎನ್ನುತ್ತಾಳೆ. ಅತ್ತೆಯ ಕಡೆ ಕಣ್ಣು ಹಾಯಿಸಿ, ನಗುತ್ತಾ ಸೇರಿಸುತ್ತಾಳೆ: "ಇಬ್ಬರೂ."

"ನಾನು ಸಾಯ್ತಾ ಕೂತ್ರೆ ಗಾಡಿ ಯಾರು ಹೊಡೀತಾರೆ? ಹತ್ತು" ಎನ್ನುತ್ತಾರೆ ಮಾಯಿ ಟ್ರೈಮೋರ್.

ಗಾಡಿ ಇಳಿಜಾರಿನಲ್ಲಿ ಮರೆಯಾಗುವವರೆಗೆ ಎಸಿನಾತಿ ನಿಲ್ಲುವುದಿಲ್ಲ. ಪೊರಕೆ ಗೇಟಿಗೆ ಒರಗಿಸಿಟ್ಟಿದ್ದರು, ಎತ್ತಿಕೊಂಡು ಒಳಗೆ ಬರುತ್ತಾರೆ. ಇಲ್ಲಿ ಎಷ್ಟು ಸಲ ಸತ್ತಿರಬಹುದೆಂದು ಕೇಳಿದರೆ ಲೆಕ್ಕವಿಟ್ಟಿಲ್ಲ ಎನ್ನುತ್ತಾರೆ. ಸಾಯದೆ ಉಳಿದ ಕಥೆಗಳ ಲೆಕ್ಕ ಮಾತ್ರ ಮನಸ್ಸಿನಲ್ಲಿದೆ, ಅದನ್ನು ಹೇಳುವುದಿಲ್ಲ. ಆಸೆ ಏನಾದರೂ ಇದೆಯೇ ಎಂದರೆ ಗುಡಿಸುತ್ತಲೇ ಹೇಳುತ್ತಾರೆ.

"ನಾನು ನಿಜವಾಗಿ ಹೋದ ದಿನ ಯಾರೂ ಆ ಮಾತು ಹೇಳೋದು ಬೇಡ. ನನ್ನ ಪಾಲಿಗೆ ಅದನ್ನ ಬೇಕಾದಷ್ಟು ಹೇಳಿಯಾಗಿದೆ. ಈ ಮನೇಲಿ ಯಾರಾದ್ರೂ ಒಬ್ಬಳು ಒಂದು ಕಥೆ ಶುರು ಮಾಡ್ಲಿ, ಉಳಿದೋರು ಹೂಂಗುಡ್ಲಿ."

ಪೊರಕೆ ನಿಲ್ಲಿಸಿ, ಬೆಟ್ಟದ ಮೇಲೇರಿದ ಸೂರ್ಯನ ಕಡೆ ನೋಡಿ, ಮರೆತಿದ್ದನ್ನು ಸೇರಿಸುತ್ತಾರೆ.

"ಕತ್ತಲಾದ ಮೇಲೆ."